ಸೊಂಟಕ್ಕೆ ಕಟ್ಟಿದ ಸ್ವೆಟರ್

ರೇಲೀನ್ ತನ್ನ ಕುದುರೆಯನ್ನು ಮಾರುತ್ತಿದ್ದಾಳೆಂಬ ಸುದ್ದಿ ಬುಲೂಮಾ ಊರಿಗೆ ಗೊತ್ತಾದದ್ದು ಮೇವಿನಂಗಡಿಯ ಗೋಡೆಯ ಹಲಗೆಯಿಂದ. ಕಳೆದುಹೋದ ನಾಯಿ, ಹೆಚ್ಚಾಗಿ ಉಳಿದ ಹುಲ್ಲಿನ ಪಿಂಡಿ, ಯಾರಿಗೂ ಬೇಡವಾದ ಹುಂಜ, ಇವುಗಳ ನಡುವೆ ಅವಳ ದುಂಡು ಅಕ್ಷರದ ಚೀಟಿ ಒಂದು ಬೆಳಿಗ್ಗೆ ಕಾಣಿಸಿಕೊಂಡಿತು. "ಕ್ರಂಪೆಟ್. ಕೆಂಚು ಬಣ್ಣದ ಹೆಣ್ಣು ಕುದುರೆ. ಒಂಬತ್ತು ವರ್ಷ. ಸ್ವಲ್ಪ ಬಿಸಿ ಸ್ವಭಾವ, ಅನುಭವಸ್ಥರಿಗೆ ಮಾತ್ರ. ಮಾರುವ ಕಾರಣ: ಒಡತಿಗೆ ಸಮಯವಿಲ್ಲ."

ಸಮಯವಿಲ್ಲವಂತೆ, ಸಮಯ! ಶಾಲೆಯ ಬಸ್ಸು ಓಡಿಸುವ ಹೆಂಗಸು ಬೆಳಿಗ್ಗೆ ಒಂಬತ್ತಕ್ಕೆ ಮಕ್ಕಳನ್ನು ಇಳಿಸಿದರೆ ಮತ್ತೆ ಚಕ್ರ ಹಿಡಿಯುವುದು ಮೂರು ಗಂಟೆಗೆ. ಇಬ್ಬರು ಗಂಡುಮಕ್ಕಳು ದೊಡ್ಡವರಾಗಿ ತಮ್ಮ ತಮ್ಮ ದಾರಿ ಹಿಡಿದಿದ್ದಾರೆ. ಗಂಡ ಮರ್ವ್ ಬೇಲಿ ಹಾಕುವ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಊರಿನಲ್ಲಿ ಸಮಯವನ್ನು ಮೂಟೆ ಕಟ್ಟಿ ಇಟ್ಟುಕೊಂಡವರು ಯಾರಾದರೂ ಇದ್ದರೆ ಅದು ರೇಲೀನ್. ಚೀಟಿ ಓದಿದವರೆಲ್ಲ ಹುಬ್ಬೇರಿಸಿದರು, ಆದರೆ ಕೇಳುವ ಧೈರ್ಯ ಮಾಡಿದವಳು ಗ್ಲೆನಿಸ್ ಒಬ್ಬಳೇ.

ಗ್ಲೆನಿಸ್‌ಗೆ ಎಪ್ಪತ್ತಮೂರು. ಊರಿನ ಹೆಂಗಸರ ಸವಾರಿ ಸಂಘವನ್ನು ಮೂವತ್ತು ವರ್ಷದ ಹಿಂದೆ ಶುರುಮಾಡಿದವಳು. ಇವತ್ತಿಗೂ ತಿಂಗಳಿಗೊಮ್ಮೆ ನದಿ ಬಯಲಿನ ಸವಾರಿಯಲ್ಲಿ ಎಲ್ಲರಿಗಿಂತ ಮುಂದೆ ಇರುವವಳು. ಅವಳ ಪಿಕಪ್ಪು ಅಂಗಳಕ್ಕೆ ನುಗ್ಗಿ ನಿಂತಾಗ ರೇಲೀನ್ ಕ್ರಂಪೆಟ್‌ಳ ಗೊರಸಿನ ಮಣ್ಣು ಕೆರೆಯುತ್ತಿದ್ದಳು.

"ಏನೇ ಇದು?" ಹಲಗೆಯಿಂದ ಚೀಟಿಯನ್ನೇ ಕಿತ್ತುಕೊಂಡು ಬಂದಿದ್ದಳು ಮುದುಕಿ.

"ಓದಕ್ಕೆ ಬರಲ್ವಾ ನಿಂಗೆ? ಕುದುರೆ ಮಾರ್ತಿದೀನಿ."

"ಸಮಯ ಇಲ್ಲ ಅಂತ ಬರ್ದಿದೀಯಲ್ಲ, ಯಾರ ಕಿವಿಗೆ ಹೂ ಇಡ್ತೀಯ? ನಿಜ ಹೇಳು."

"ಅವಳು ಬಿಸಿ ಕುದುರೆ ಕಣೇ. ಕುಕ್ಕುಲೋಟಕ್ಕೆ ಬಿಟ್ರೆ ಸಾಕು, ಬೆಂಕಿ ಬಿದ್ದೋರ ಹಾಗೆ ಓಡ್ತಾಳೆ. ನಂಗೂ ವಯಸ್ಸಾಯ್ತು."

"ಐವತ್ತನಾಲ್ಕು ವಯಸ್ಸಾ? ನನ್ನ ಮುಂದೆ ಹೇಳ್ತೀಯಲ್ಲ, ನಾಚ್ಕೆ ಆಗಲ್ವಾ?"

ರೇಲೀನ್ ಇನ್ನೊಂದು ಗೊರಸು ಎತ್ತಿಕೊಂಡಳು. ನಿಜವಾದ ಕಾರಣವನ್ನು ಅವಳು ಮರ್ವ್‌ಗೂ ಹೇಳಿರಲಿಲ್ಲ.

ನಿಜವಾದ ಕಾರಣ ಇಷ್ಟೇ. ಕುದುರೆ ಮೈ ಕುಲುಕಿಸುವ ಕುಕ್ಕುಲೋಟಕ್ಕೆ ಬಿದ್ದರೆ ರೇಲೀನ್‌ಗೆ ಮೂತ್ರ ನಿಲ್ಲುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಸೀನಿದಾಗ ಒಂದು ಹನಿ ಎಂದು ಶುರುವಾದದ್ದು, ಆಮೇಲೆ ಜೀನಿನ ಮೇಲೆ ಎರಡು ಹನಿ, ಆಮೇಲೆ ಹನಿಯ ಲೆಕ್ಕವೇ ತಪ್ಪಿತು. ತಿಳಿ ಬಣ್ಣದ ಸವಾರಿ ಪ್ಯಾಂಟುಗಳನ್ನೆಲ್ಲ ದಾನಕ್ಕೆ ಕೊಟ್ಟು ಕಪ್ಪು ಕೊಂಡಳು. ಪ್ಯಾಡು ಒಂದಿದ್ದದ್ದು ಎರಡಾಯಿತು. ಸವಾರಿಯ ದಿನ ಬೆಳಗಿನಿಂದ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಹೊರಡುವ ಮುನ್ನ ಮೂರು ಸಲ ಶೌಚಕ್ಕೆ ಹೋಗಿಬರುತ್ತಿದ್ದಳು. ದಾರಿಯಲ್ಲಿ ಎಲ್ಲರೂ ಕುದುರೆ ಇಳಿದು ಫ್ಲಾಸ್ಕಿನ ಮುಚ್ಚಳ ತೆಗೆದರೆ, "ನಂಗೆ ಚಹಾ ಸೇರಲ್ಲಪ್ಪ" ಎನ್ನುತ್ತಿದ್ದಳು. ಮನೆಯಲ್ಲಿ ದಿನಕ್ಕೆ ಆರು ಮಗ್ಗು ಚಹಾ ಹೀರುವ ಹೆಂಗಸು ಕಣ್ರೀ ಅವಳು!

ಜುಲೈ ತಿಂಗಳ, ಅಂದರೆ ಆ ಕಡೆಯ ಕಡು ಚಳಿಗಾಲದ, ಸವಾರಿಯಲ್ಲಿ ಎಲ್ಲ ಉಪಾಯಗಳೂ ಕೈಕೊಟ್ಟವು. ನದಿ ಬಯಲಿನಲ್ಲಿ ಕ್ರಂಪೆಟ್ ಕಿತ್ತುಕೊಂಡು ಓಡಿದಳು, ರೇಲೀನ್ ಹಿಡಿದಷ್ಟೂ ಓಡಿದಳು. ನಿಂತಾಗ ಜೀನು ಒದ್ದೆ, ಪ್ಯಾಂಟು ತೊಡೆಯ ತನಕ ಒದ್ದೆ. ರೇಲೀನ್ ತನ್ನ ನೀಲಿ ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು, ಹನ್ನೆರಡು ಕಿಲೋಮೀಟರು ಎಲ್ಲರಿಗಿಂತ ಹಿಂದೆ, ಒಬ್ಬಳೇ ವಾಪಸ್ಸು ಬಂದಳು. ಲಾಯದ ಬಾಗಿಲು ಹಾಕಿಕೊಂಡು ಜೀನಿಗೆ ಸೋಪು ಹಚ್ಚಿ ತಿಕ್ಕುತ್ತಾ ಬಿಕ್ಕಿ ಬಿಕ್ಕಿ ಅತ್ತಳು. ಸಾಕು, ಇನ್ನು ಕುದುರೆ ಬೇಡ ಎಂದು ತೀರ್ಮಾನ ಮಾಡಿದ್ದು ಆಗಲೇ. ಏಳನೇ ವಯಸ್ಸಿನಿಂದ ಕುದುರೆಯ ಬೆನ್ನ ಮೇಲೇ ಬೆಳೆದವಳಿಗೆ ಅದು ಎಂಥ ತೀರ್ಮಾನವೆಂದು ಬೇರೆ ಹೇಳಬೇಕಾಗಿಲ್ಲ.

"ಜುಲೈನಲ್ಲಿ ಹಿಮಗಾಳಿ ಬೀಸ್ತಿತ್ತು," ಎಂದಳು ಗ್ಲೆನಿಸ್, ಬೇಲಿಗೆ ಒರಗಿಕೊಂಡು. ದನಿ ತಗ್ಗಿತ್ತು. "ನಾವೆಲ್ಲ ಗಡಗಡ ನಡುಗ್ತಿದ್ವಿ. ನೀನೊಬ್ಳು ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಕೊಂಡೆ. ಚಳೀಲಿ ಸ್ವೆಟರ್ ಮೈಗೆ ಹಾಕ್ಕೋತಾರೆ ಕಣೇ ರೇಲೀನ್."

ರೇಲೀನ್‌ಳ ಮುಖ ಕೆಂಪಡರಿತು. ಗೊರಸು ಕೈಯಿಂದ ಜಾರಿತು.

"ನಾನು ಇಪ್ಪತ್ತು ವರ್ಷ ಕಟ್ಕೊಂಡಿದೀನಿ," ಎಂದಳು ಗ್ಲೆನಿಸ್. "ಮಳೆ ಕೋಟು, ಸ್ವೆಟರು, ನಿಮ್ಮ ಮರ್ವ್ ಹತ್ರ ಇಸ್ಕೊಂಡ ಜಾಕೆಟ್ಟೂ ಒಂದ್ಸಲ. ನೀನು ಯಾವತ್ತೂ ಯಾಕೆ ಅಂತ ಕೇಳ್ಲಿಲ್ಲ."

"ಅದು ನಿನ್ನ ಸ್ಟೈಲು ಅಂದ್ಕೊಂಡಿದ್ದೆ!"

"ಸ್ಟೈಲಂತೆ, ಸ್ಟೈಲು! ನಂದು ಗರ್ಭಕೋಶ ಕೆಳಗಿಳಿದಿತ್ತು. ಯಾರಿಗೆ ಹೇಳ್ಲಿ ಅಂತ ಹಲ್ಲು ಕಚ್ಕೊಂಡು ಇದ್ದೆ. ನಾಲ್ಕು ವರ್ಷದ ಹಿಂದೆ ಅದನ್ನ ಎತ್ತಿ ಹಿಡಿಯೋಕೆ ಒಳಗೊಂದು ರಬ್ಬರ್ ಉಂಗುರ ಹಾಕಿಸ್ಕೊಂಡೆ. ಮದುವೆ ಉಂಗುರಕ್ಕಿಂತ ಇದೇ ವಾಸಿ ನೋಡು, ಹಾಕಿದ ದಿನದಿಂದ ಹೇಳಿದ ಕೆಲ್ಸ ಮಾಡ್ತಿದೆ."

ರೇಲೀನ್‌ಗೆ ನಗು ಬಂತು. ನಗುತ್ತಲೇ ಕಣ್ಣೀರೂ ಬಂತು. ಇಪ್ಪತ್ತು ವರ್ಷ ಅಕ್ಕಪಕ್ಕ ಕುದುರೆ ಓಡಿಸಿದ ಇಬ್ಬರು ಹೆಂಗಸರು ಒಂದೇ ಗುಟ್ಟನ್ನು ಬೇರೆ ಬೇರೆಯಾಗಿ ಹೊತ್ತುಕೊಂಡು ತಿರುಗಿದರಲ್ಲ, ಎಂಥ ದಡ್ಡತನ!

"ಬುಧವಾರ ಆರೋಗ್ಯ ಕೇಂದ್ರಕ್ಕೆ ಲಿಟಿಯಾ ಅಂತ ಒಬ್ಳು ಫಿಜಿಯೋ, ವ್ಯಾಯಾಮ ಹೇಳ್ಕೊಟ್ಟು ವಾಸಿ ಮಾಡೋಳು, ಬರ್ತಾಳೆ. ಫಿಜಿ ದ್ವೀಪದ ಕಡೆಯೋಳು. ಇದೇ ಅವಳ ಕೆಲ್ಸ. ಹೋಗಿ ತೋರಿಸ್ಕೋ. ಈ ಚೀಟಿ ಹರಿದು ಹಾಕು."

"ಹರಿಯಕ್ಕಾಗಲ್ಲ ಗ್ಲೆನಿಸ್. ಮಾಫ್ರಾದಿಂದ ಒಬ್ಳು ಫೋನ್ ಮಾಡಿದ್ಲು. ಹಾಲಿನ ಫಾರ್ಮಿನೋಳು, ಕರು ಹಾಕೋ ಕಾಲ ಮುಗಿದ್ಮೇಲೆ ಅಕ್ಟೋಬರ್ ಮೊದಲ್ನೇ ಶನಿವಾರ ಬರ್ತೀನಿ, ಅಲ್ಲೀವರೆಗೂ ಬೇರೆ ಯಾರಿಗೂ ಕೊಡ್ಬೇಡಿ ಅಂದ್ಲು. ಆಯ್ತು ಅಂತ ಮಾತು ಕೊಟ್ಟಿದೀನಿ."

ಆ ಕಣಿವೆಯಲ್ಲಿ ಕುದುರೆಯ ವಿಷಯಕ್ಕೆ ಮಾತು ಕೊಟ್ಟರೆ ಮುಗಿಯಿತು, ಕಾಗದ ಪತ್ರ ಏನೂ ಬೇಡ. ಕೊಳ್ಳುವವಳು ಬಂದು ನೋಡಿ ಬೇಡ ಎನ್ನಬಹುದು, ಆದರೆ ಮಾರುವವಳು ಹಿಂದೆ ಸರಿಯುವಂತಿಲ್ಲ. ಸರಿದವರ ಹೆಸರನ್ನು ಅವರು ಸತ್ತ ಮೇಲೂ ಆಡಿಕೊಳ್ಳುತ್ತಾರೆ. ಗ್ಲೆನಿಸ್‌ಗೂ ಅದು ಗೊತ್ತಿತ್ತು. ಅದಕ್ಕೇ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡಳು.

ಬುಧವಾರ ರೇಲೀನ್ ಹೋದಳು. ಲಿಟಿಯಾ ಎತ್ತರದ, ಮೆಲು ಮಾತಿನ ಹೆಂಗಸು. ಕುದುರೆಯೆಂದರೆ ತನಗೆ ಜೀವಭಯ ಎಂದು ಮೊದಲೇ ಒಪ್ಪಿಕೊಂಡಳು. ಆಮೇಲೆ ಕೇಳಿದಳು ನೋಡಿ, ಒಂದರ ಮೇಲೊಂದು ಪ್ರಶ್ನೆ: ಎಷ್ಟು ಹೆರಿಗೆ, ಮಕ್ಕಳ ತೂಕವೆಷ್ಟು, ದಿನಕ್ಕೆ ಎಷ್ಟು ನೀರು, ಎಷ್ಟು ಸಲ ಶೌಚ, ಗಂಡನ ಜೊತೆ ಮಲಗಿದರೆ ನೋವಾಗುತ್ತದೆಯೇ. ಹನ್ನೊಂದು ವರ್ಷ ಬಾಯಿಂದ ಹೊರಡದ ಮಾತುಗಳು ಆ ಪುಟ್ಟ ಕೋಣೆಯಲ್ಲಿ ಹೊರಟವು. ಇಷ್ಟು ಸಲೀಸಾಗಿ ಹೊರಡುತ್ತವೆಂದು ರೇಲೀನ್‌ಗೇ ಗೊತ್ತಿರಲಿಲ್ಲ.

"ಒಳಗೆ ಒಂದು ಬೆರಳಿಟ್ಟು ನೋಡಿದ್ರೆ ಸರಿಯಾಗಿ ಗೊತ್ತಾಗುತ್ತೆ," ಎಂದಳು ಲಿಟಿಯಾ, ಕೈಗವಸು ಹಾಕಿಕೊಳ್ಳುತ್ತಾ. "ನೀವು ಒಪ್ಪಿದ್ರೆ ಮಾತ್ರ. ಸಾಕು ಅಂದ ಕೂಡ್ಲೇ ನಿಲ್ಲಿಸ್ತೀನಿ."

"ನೋಡಿ. ಎರಡು ಹೆತ್ತಿದೀನಿ, ನಾಚ್ಕೆಯೆಲ್ಲ ಅಲ್ಲೇ ಬಿಟ್ಟು ಬಂದಿದೀನಿ."

"ಮೂತ್ರ ತಡೆಯೋ ಹಾಗೆ ಹಿಂಡಿ."

"ಹಿಂಡಿದೆ."

"ಹ್ಞೂಂ. ಈಗ ಬಿಡಿ."

"ಬಿಟ್ಟೆ."

"ಇಲ್ಲ, ಬಿಟ್ಟಿಲ್ಲ."

"ಬಿಟ್ಟಿದೀನಿ ಕಣ್ರೀ!"

"ರೇಲೀನ್, ನಿಮ್ಮ ಸ್ನಾಯು ಮರದ ಹಲಗೆ ಥರ ಇದೆ. ನೀವು ಹಿಂಡಿದಾಗ್ಲೂ ಅಷ್ಟೇ ಬಿಗಿ, ಬಿಟ್ಟಾಗ್ಲೂ ಅಷ್ಟೇ ಬಿಗಿ."

ರೇಲೀನ್ ಎದ್ದು ಬಟ್ಟೆ ಸರಿಮಾಡಿಕೊಂಡ ಮೇಲೆ ಲಿಟಿಯಾ ಬಿಡಿಸಿ ಹೇಳಿದಳು. ಸೊಂಟದ ಬುಡದಲ್ಲಿ, ಮುಂದಿನ ಎಲುಬಿನಿಂದ ಹಿಂದಿನ ಬಾಲದೆಲುಬಿನವರೆಗೆ ಸ್ನಾಯುಗಳ ಒಂದು ಹಾಸು ಇರುತ್ತದೆ. ಮೂತ್ರಕೋಶ, ಗರ್ಭಕೋಶ, ಕರುಳು ಎಲ್ಲವನ್ನೂ ಕೆಳಗಿನಿಂದ ಹೊತ್ತಿರುವುದು ಅದೇ. ಮೈ ಕುಲುಕಿದಾಗ ಅದು ಬಿಗಿಯಬೇಕು, ಕುಲುಕು ಮುಗಿದಾಗ ಸಡಿಲಬೇಕು. ಇಡೀ ದಿನ ಬಿಗಿದೇ ಇದ್ದರೆ ಸುಸ್ತಾಗುತ್ತದೆ. ಬೇಕಾದ ಹೊತ್ತಿಗೆ ಇನ್ನಷ್ಟು ಬಿಗಿಯಲು ಅದರ ಹತ್ತಿರ ಏನೂ ಉಳಿದಿರುವುದಿಲ್ಲ.

"ಆದ್ರೆ ನಾನು ವ್ಯಾಯಾಮ ಮಾಡ್ತೀನಲ್ಲ," ಎಂದಳು ರೇಲೀನ್. "ಯಾವುದೋ ಪತ್ರಿಕೇಲಿ ಓದಿದ್ದೆ. ಬಸ್ಸು ನಿಲ್ಸಿದಾಗೆಲ್ಲ ಹತ್ತು ಸಲ ಹಿಂಡ್ತೀನಿ. ಕುದುರೆ ಮೇಲೆ ಹತ್ತಿದ್ರೆ ಇಳಿಯೋವರೆಗೂ ಹಿಂಡ್ಕೊಂಡೇ ಇರ್ತೀನಿ. ದಿನಕ್ಕೆ ಮುನ್ನೂರಾದ್ರೂ ಆಗುತ್ತೆ."

"ನಿಲ್ಸಿಬಿಡಿ."

"ಏನಂದ್ರಿ?"

"ಸದ್ಯಕ್ಕೆ ಒಂದೂ ಬೇಡ. ಸುಮಾರು ಜನಕ್ಕೆ ಆ ಸ್ನಾಯು ಸಡಿಲ ಆಗಿರುತ್ತೆ, ಅವರಿಗೆ ಹಿಂಡೋದೇ ಮದ್ದು. ನಿಮ್ಗೆ ಮೊದ್ಲು ಬಿಡೋದು ಕಲೀಬೇಕು. ಬಲ ಆಮೇಲೆ."

ರೇಲೀನ್‌ಗೆ ಸಿಟ್ಟು ನೆತ್ತಿಗೇರಿತು. ಹನ್ನೊಂದು ವರ್ಷ ಒಂದು ದಿನವೂ ತಪ್ಪದೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತೇ? ಅಷ್ಟೇ ಆಗಿದ್ದರೆ ಪರವಾಗಿಲ್ಲ, ಇನ್ನೂ ಕೆಡಿಸಿಕೊಂಡದ್ದೇ ಆಯಿತೇ?

"ಇಷ್ಟು ಬಿಗಿಯಾಗಿರೋದನ್ನ ಯಾರು ಕಲಿಸಿದ್ರು ನಿಮ್ಗೆ?" ಲಿಟಿಯಾ ಸುಮ್ಮನೆ ಕೇಳಿದಳು.

ಸಿಟ್ಟು ಅಲ್ಲಿಗೇ ನಿಂತಿತು. ಮಿಸ್ ಪಾರ್ಜಿಟರ್ ನೆನಪಾದಳು. ಊರಿನ ಮಕ್ಕಳಿಗೆ ಸವಾರಿ ಕಲಿಸುತ್ತಿದ್ದ, ಹುರಿಗಟ್ಟಿದ ಮೈಯ, ಯಾರನ್ನೂ ನೋಡಿ ನಗದ ಹೆಂಗಸು. ಏಳು ವರ್ಷದ ರೇಲೀನ್‌ಳ ಮಂಡಿಗೂ ಜೀನಿಗೂ ನಡುವೆ ಇಪ್ಪತ್ತು ಸೆಂಟಿನ ನಾಣ್ಯ ಇಡುತ್ತಿದ್ದಳು, ಎರಡೂ ಕಡೆ ಒಂದೊಂದು. ಕುದುರೆ ಕುಕ್ಕುಲೋಟದಲ್ಲಿ ಮೂರು ಸುತ್ತು ಬರಬೇಕು, ನಾಣ್ಯ ಬೀಳಬಾರದು. ಬಿದ್ದರೆ ಲಾಯದ ಲದ್ದಿ ಬಾಚುವ ಶಿಕ್ಷೆ. "ಬಿಗಿ ಹಿಡಿ ಹುಡುಗಿ! ಉಸಿರು ಬಿಡಬೇಡ!" ಎಂದು ಅರಚುತ್ತಿದ್ದಳು. ಉಳಿದ ಮಕ್ಕಳೆಲ್ಲ ಲದ್ದಿ ಬಾಚಿದರು, ರೇಲೀನ್ ಒಮ್ಮೆಯೂ ಬಾಚಲಿಲ್ಲ. ಅದು ಅವಳ ಬಾಲ್ಯದ ದೊಡ್ಡ ಹೆಮ್ಮೆಯಾಗಿತ್ತು.

"ನಲವತ್ತೇಳು ವರ್ಷ ಆಯ್ತು," ಎಂದಳು ಕಥೆ ಹೇಳಿ ಮುಗಿಸಿ. "ಆ ನಾಣ್ಯ ಇನ್ನೂ ಬಿದ್ದಿಲ್ಲ ನೋಡಿ."

"ಬೀಳ್ಲಿ ಬಿಡಿ," ಎಂದಳು ಲಿಟಿಯಾ.

ಆಗ ರೇಲೀನ್‌ಗೆ ತನ್ನಷ್ಟಕ್ಕೇ ಹೊಳೆಯಿತು. ಲಗಾಮನ್ನು ಒಂದೇ ಸಮ ಎಳೆದು ಹಿಡಿದರೆ ಕುದುರೆ ಬಾಯಿ ಗಟ್ಟಿ ಮಾಡಿಕೊಳ್ಳುತ್ತದೆ. ಆಮೇಲೆ ಎಷ್ಟು ಎಳೆದರೂ ನಿಲ್ಲುವುದಿಲ್ಲ. ಹಿಡಿಯಬೇಕು, ಬಿಡಬೇಕು, ಮತ್ತೆ ಹಿಡಿಯಬೇಕು. ಇದನ್ನು ಅವಳೇ ಸಂಘದ ಹೊಸಬರಿಗೆ ನೂರು ಸಲ ಹೇಳಿಕೊಟ್ಟಿದ್ದಳು. ಕುದುರೆಯ ಬಾಯಿಗೆ ಗೊತ್ತಿದ್ದ ಸಂಗತಿ ತನ್ನ ಮೈಗೆ ಗೊತ್ತಿರಲಿಲ್ಲ.

ಲಿಟಿಯಾ ಹೇಳಿಕಳಿಸಿದ ಪಾಠ ಬಲು ಸುಲಭದ್ದು. ದಿನಕ್ಕೆ ಎರಡು ಸಲ ನೆಲದ ಮೇಲೆ ಮಲಗಿ, ಕಾಲು ಕುರ್ಚಿಯ ಮೇಲಿಟ್ಟು, ಹೊಟ್ಟೆಯ ತಳದವರೆಗೆ ಉಸಿರು ಎಳೆದುಕೊಳ್ಳಬೇಕು, ಎಳೆಯುತ್ತಾ ಕೆಳಗಿನ ಬಿಗಿ ಬಿಡಬೇಕು. ನೀರು ಕುಡಿಯಬೇಕು. ಮೈ ಒಣಗಿಸಿದರೆ ಮೂತ್ರಕೋಶ ಇನ್ನಷ್ಟು ರೇಗುತ್ತದೆ. ಇರಲಿ ಅಂತ ಮೂರು ಮೂರು ಸಲ ಶೌಚಕ್ಕೆ ಓಡಬಾರದು. ಮೊದಲ ಎರಡು ವಾರ ಕುದುರೆಯನ್ನು ನಡೆಸಬೇಕು, ಓಡಿಸಬಾರದು.

ಮರ್ವ್ ಒಂದು ಸಂಜೆ ಬಂದವನು ಅಡುಗೆಮನೆಯ ನೆಲದ ಮೇಲೆ ಕಾಲು ಮೇಲೆತ್ತಿ ಮಲಗಿದ್ದ ಹೆಂಡತಿಯನ್ನು ನೋಡಿ ಗಾಬರಿಬಿದ್ದ.

"ಏನಾಯ್ತೇ? ಆಂಬುಲೆನ್ಸ್ ಕರೀಲಾ?"

"ಬೇಡ. ಬಿಗಿ ಬಿಡೋದು ಅಭ್ಯಾಸ ಮಾಡ್ತಿದೀನಿ. ಚಹಾಕ್ಕೆ ನೀರಿಡು, ಎಲ್ಲಾ ಹೇಳ್ತೀನಿ."

ಎಲ್ಲವನ್ನೂ ಹೇಳಿದಳು. ಮರ್ವ್ ಮಗ್ಗು ಹಿಡಿದುಕೊಂಡು ಕೂತು ಕೇಳಿದ. ಮಗ್ಗು ಕೆಳಗಿಟ್ಟು, "ನೀನು ದೂರ ಸರಿದಾಗೆಲ್ಲ ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ ಕಣೇ, ಇಷ್ಟು ವರ್ಷ," ಎಂದ. ಆಮೇಲೆ ಹೊರಗೆ ಹೋಗಿ ಕ್ರಂಪೆಟ್‌ಗೆ ಹುಲ್ಲು ಹಾಕಿ ಬಂದ.

ಮೂರನೇ ವಾರ ಕುಕ್ಕುಲೋಟ. ಉಸಿರು ಕಟ್ಟದಿರಲಿ ಎಂದು ಬಾಯಲ್ಲಿ ಏನಾದರೂ ಗುನುಗುತ್ತಿರಿ ಎಂದಿದ್ದಳು ಲಿಟಿಯಾ. ರೇಲೀನ್‌ಗೆ ಆ ಕ್ಷಣಕ್ಕೆ ನೆನಪಾದದ್ದು ಬಸ್ಸಿನ ಮಕ್ಕಳು ಅರಚುವ ಯಾವುದೋ ಎಣಿಕೆಯ ಪದ. ಐದು ಕಪ್ಪೆ, ನಾಲ್ಕು ಕಪ್ಪೆ ಎಂದು ಗುನುಗುತ್ತಾ ತೊಡೆ ಸಡಿಲ ಬಿಟ್ಟಳು. ಕ್ರಂಪೆಟ್ ಎಂದಿನಂತೆ ನುಗ್ಗಿದಳು. ನಾಲ್ಕು ಹೆಜ್ಜೆ, ಐದು ಹೆಜ್ಜೆ. ಆಮೇಲೆ ಒಂದು ಕಿವಿ ಹಿಂದಕ್ಕೆ ತಿರುಗಿಸಿ, ಇದೇನಪ್ಪ ಹೊಸ ಹೆಂಗಸು ಎನ್ನುವಂತೆ ಕೇಳಿಸಿಕೊಂಡಳು. ಕತ್ತು ನಿಧಾನವಾಗಿ ಇಳಿಯಿತು, ಬೆನ್ನು ಮೇಲೆ ಬಂತು, ಓಟ ತೂಗುಯ್ಯಾಲೆಯ ಲಯಕ್ಕೆ ಬಿತ್ತು. ಮೂಗಿನಿಂದ ಫುರ್‍ರ್ ಎಂದು ಉಸಿರುಬಿಟ್ಟಳು.

ಕುದುರೆ ಬಿಸಿಯಾಗಿರಲಿಲ್ಲ! ಮೇಲೆ ಕೂತವಳು ಉಸಿರು ಕಟ್ಟಿ, ತೊಡೆ ಬಿಗಿದು ಹಿಂಡುತ್ತಿದ್ದರೆ ಓಡು ಓಡು ಎಂದೇ ಅದಕ್ಕೆ ಕೇಳಿಸುತ್ತಿತ್ತು. ಅದು ಓಡಿದಷ್ಟೂ ಇವಳು ಹಿಂಡಿದಳು, ಹಿಂಡಿದಷ್ಟೂ ಅದು ಓಡಿತು. ಆರು ವರ್ಷ ಆ ಬಡಪಾಯಿಗೆ ಬಿಸಿ ಸ್ವಭಾವ ಎಂದು ಹೆಸರಿಟ್ಟು, ಊರ ಹಲಗೆಯ ಮೇಲೆ ಬೇರೆ ಬರೆದು ಅಂಟಿಸಿದ್ದಳು. ರೇಲೀನ್ ಇಳಿದು ಕುದುರೆಯ ಕತ್ತಿಗೆ ಮುಖ ಒತ್ತಿ, "ತಪ್ಪಾಯ್ತು ಕಣೇ, ನಂದೇ ತಪ್ಪು," ಎಂದಳು. ಕ್ರಂಪೆಟ್ ಅವಳ ಜೇಬಿನಲ್ಲಿ ಕ್ಯಾರೆಟ್ ಹುಡುಕಿದಳು.

ಎಲ್ಲವೂ ಒಂದೇ ಸಲಕ್ಕೆ ಸರಿಹೋಯಿತೆಂದು ತಿಳಿಯಬೇಡಿ. ಐದನೇ ವಾರ ಹುಲ್ಲಿನ ಧೂಳಿಗೆ ಸೀನು ಬಂದು ಪ್ಯಾಂಟು ಒದ್ದೆಯಾಯಿತು. ಮುಂದಿನ ಬುಧವಾರ ಲಿಟಿಯಾ, ಸೀನು ಬರುವ ಮುಂಚೆ ಒಮ್ಮೆ ಹಿಂಡಿ, ಆದ ಮೇಲೆ ಪೂರ್ತಿ ಬಿಡುವುದನ್ನು ಕಲಿಸಿದಳು. ಈಗ ಹಿಂಡಿದರೆ ಬೆರಳಿಗೆ ಗೊತ್ತಾಗುತ್ತಿದೆ ಎಂದೂ ಹೇಳಿದಳು. ಸೆಪ್ಟೆಂಬರಿನಲ್ಲಿ ಗೂಡು ಕಟ್ಟಿದ ಮ್ಯಾಗ್‌ಪೈ ಹಕ್ಕಿಯೊಂದು ಎಂದಿನಂತೆ ಹಿಂದಿನಿಂದ ಎರಗಿ ಹೆಲ್ಮೆಟ್ಟಿಗೆ ಟಕ್ ಎಂದು ಕುಕ್ಕಿತು. ಕ್ರಂಪೆಟ್ ಅಡ್ಡಕ್ಕೆ ಎಗರಿದಳು. ರೇಲೀನ್ ಹಕ್ಕಿಯ ಜನ್ಮವನ್ನೇ ಜಾಲಾಡಿ ಬೈದು, ಅರ್ಧ ಕಿಲೋಮೀಟರು ಹೋದ ಮೇಲೆ ಗಮನಿಸಿದಳು: ಪ್ಯಾಂಟು ಒದ್ದೆಯಾಗಿರಲಿಲ್ಲ.

ಖುಷಿಯಾಗಬೇಕಿತ್ತು. ಆದರೆ ಅವಳು ಬೆರಳು ಮಡಿಸಿ ದಿನ ಎಣಿಸಿದಳು. ಮಾಫ್ರಾದ ಹೆಂಗಸು ಬರುವ ಶನಿವಾರಕ್ಕೆ ಹತ್ತು ದಿನ ಉಳಿದಿತ್ತು.

"ಫೋನ್ ಮಾಡಿ ಮಾರಲ್ಲ ಅನ್ನು," ಎಂದಳು ಗ್ಲೆನಿಸ್.

"ನೀನಾಗಿದ್ರೆ ಹಾಗನ್ತಿದ್ಯಾ?"

ಗ್ಲೆನಿಸ್ ಹೋಗಿ ಕ್ರಂಪೆಟ್‌ಳ ಕತ್ತು ತಟ್ಟಿದಳು.

ಶನಿವಾರ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಮಾಫ್ರಾದ ಹೆಂಗಸು ಕುದುರೆ ಸಾಗಿಸುವ ಟ್ರೇಲರ್ ಕಟ್ಟಿಕೊಂಡೇ ಬಂದಳು. ಹೆಸರು ಟೀಗನ್. ಮೂವತ್ತರ ಆಸುಪಾಸು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು, ಕೈಯೆಲ್ಲ ಹಾಲು ಕರೆದು ಒರಟಾದದ್ದು. ಏಳು ತಿಂಗಳ ಮಗುವನ್ನು ಅತ್ತೆಯ ಬಳಿ ಬಿಟ್ಟು ಬಂದಿದ್ದಳು. ಹೆರಿಗೆಗೆ ಮುಂಚೆ ತನಗೂ ಒಂದು ಕುದುರೆಯಿತ್ತು, ಅದು ಮುದಿಯಾಗಿ ಸತ್ತಿತು, ಕುದುರೆ ಇಲ್ಲದೆ ತಲೆ ಕೆಟ್ಟುಹೋಗಿದೆ ಎಂದು ಒಂದೇ ಉಸಿರಿಗೆ ಹೇಳಿದಳು. ಹಾಕಿಕೊಂಡಿದ್ದದ್ದು ಬೂದು ಬಣ್ಣದ ಸವಾರಿ ಪ್ಯಾಂಟು, ಹೊಸದು.

ಮಾರುವವಳು ಮೊದಲು ಹತ್ತಿ ತೋರಿಸಬೇಕು, ಅದು ಅಲ್ಲಿನ ಪದ್ಧತಿ. ರೇಲೀನ್ ಹತ್ತಿದಳು. ಕೆಟ್ಟದಾಗಿ ಓಡಿಸಿ ತೋರಿಸಿಬಿಡಲೇ ಎಂಬ ಯೋಚನೆ ಬಾರದೆ ಇರಲಿಲ್ಲ. ತೊಡೆ ಬಿಗಿದರೆ ಸಾಕಿತ್ತು. ಆದರೆ ಕ್ರಂಪೆಟ್ ಕಿವಿ ಹಿಂದಕ್ಕೆ ಮಾಡಿ ಐದು ಕಪ್ಪೆಗೆ ಕಾಯುತ್ತಿದ್ದಳು. ಆ ಪ್ರಾಣಿಗೆ ಮತ್ತೆ ಹಾಗೆ ಮಾಡಲು ರೇಲೀನ್‌ಗೆ ಮನಸ್ಸು ಬರಲಿಲ್ಲ. ಗುನುಗಿದಳು. ಕ್ರಂಪೆಟ್ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಅಂಗಳ ಸುತ್ತಿ ಬಂದಳು.

"ಬಿಸಿ ಸ್ವಭಾವ ಅಂತ ಹೇಳಿದ್ರಿ!" ಟೀಗನ್‌ಳ ಕಣ್ಣು ಅರಳಿತ್ತು. "ಇಂಥ ಕುದುರೆ ನಾನು ನೋಡೇ ಇಲ್ಲ. ನಂಗೆ ಬೇಕು."

ತನ್ನ ಮೈ ಸರಿಯಾದದ್ದರಿಂದಲೇ ಕುದುರೆ ಕೈತಪ್ಪುತ್ತಿತ್ತು. ರೇಲೀನ್ ಕ್ರಂಪೆಟ್‌ಳ ಜೂಲು ಸವರಿದಳು. ಇಳಿದು ಲಗಾಮು ಕೊಟ್ಟಳು.

ಟೀಗನ್ ಹತ್ತಿದಳು. ನಡಿಗೆ ಚೆನ್ನಾಗಿತ್ತು. ಕುಕ್ಕುಲೋಟಕ್ಕೆ ಬಿದ್ದ ತಕ್ಷಣ ಅವಳ ತುಟಿ ಬಿಗಿಯಿತು, ಭುಜ ಕಿವಿಗೆ ಬಂತು, ಮಂಡಿ ಜೀನಿಗೆ ಕಚ್ಚಿಕೊಂಡಿತು. ಕ್ರಂಪೆಟ್ ನುಗ್ಗಿದಳು. ಒಂದು ಸುತ್ತು, ಎರಡು ಸುತ್ತು, ಎಳೆದಷ್ಟೂ ಓಡಿದಳು. ಮೂರನೇ ಸುತ್ತಿಗೆ ಟೀಗನ್ ಹೇಗೋ ನಿಲ್ಲಿಸಿ, ಇಳಿದು, ಲಗಾಮನ್ನು ಬೇಲಿಗೆ ಸಿಕ್ಕಿಸಿ, ಸರಸರನೆ ನಡೆದು ತನ್ನ ಟ್ರೇಲರಿಗೆ ಬೆನ್ನು ಕೊಟ್ಟು ನಿಂತಳು. ಮುಖ ಕೆಂಡದಂತಿತ್ತು.

"ನನ್ನ ಕೈಲಾಗಲ್ಲ," ಎಂದಳು. "ನೀವು ಬರ್ದಿದ್ದೇ ಸರಿ, ತುಂಬಾ ಬಿಸಿ ಕುದುರೆ. ಬೇಡ ಬಿಡಿ. ನಾನು... ನಾನು ಹೊರಡ್ತೀನಿ."

ಆದರೆ ಹೊರಡಲಿಲ್ಲ. ಕಾರಿನ ಬಾಗಿಲು ಮೂರು ಹೆಜ್ಜೆ ದೂರದಲ್ಲಿತ್ತು, ಅಷ್ಟು ದೂರ ಬೆನ್ನು ತಿರುಗಿಸಿ ನಡೆಯಬೇಕಿತ್ತು. ಟ್ರೇಲರಿಗೆ ಅಂಟಿಕೊಂಡೇ ನಿಂತಳು.

ಅವಳು ಹೇಳದಿದ್ದರೂ ರೇಲೀನ್‌ಗೆ ಅರ್ಥವಾಯಿತು. ಇನ್ನೊಂದೂ ಅರ್ಥವಾಯಿತು: ಈಗ ಬಾಯಿ ಮುಚ್ಚಿಕೊಂಡು ನಿಂತರೆ ಕುದುರೆ ತನ್ನದು. ಕೊಳ್ಳಲು ಬಂದವಳೇ ಬೇಡ ಎಂದಿದ್ದಾಳೆ, ಮಾತು ತಪ್ಪಿದಂತೆಯೂ ಆಗಲಿಲ್ಲ. ಕುದುರೆ ಬಿಸಿಯಲ್ಲ, ಸಂಗತಿ ಬೇರೆ ಎಂದು ಹೇಳಿದರೆ ಈ ಹುಡುಗಿ ಮತ್ತೆ ಹತ್ತುತ್ತಾಳೆ. ಹತ್ತಿದರೆ ಕ್ರಂಪೆಟ್ ಅದೇ ಟ್ರೇಲರಿನಲ್ಲಿ ಮಾಫ್ರಾಕ್ಕೆ ಹೋಗುತ್ತಾಳೆ.

ರೇಲೀನ್ ಲಾಯದೊಳಗೆ ಹೋದಳು. ನೀಲಿ ಸ್ವೆಟರ್ ಎರಡು ತಿಂಗಳಿನಿಂದ ಮೊಳೆಗೆ ನೇತಾಡುತ್ತಿತ್ತು, ಮೇಲೆ ಧೂಳು ಕೂತಿತ್ತು. ಅದನ್ನು ಕೈಯಲ್ಲಿ ಹಿಡಿದು ನಿಂತಳು. ಹೊರಗೆ ಕ್ರಂಪೆಟ್ ಮೂಗಿನಿಂದ ಸದ್ದು ಮಾಡಿದಳು. ಸುಮ್ಮನಿರುವುದು ಎಷ್ಟು ಸುಲಭ ಎಂದು ರೇಲೀನ್‌ಗೆ ಅನ್ನಿಸಿತು. ಹನ್ನೊಂದು ವರ್ಷ ಸುಮ್ಮನಿದ್ದವಳು ಅವಳು. ಗ್ಲೆನಿಸ್ ಇಪ್ಪತ್ತು ವರ್ಷ ಸುಮ್ಮನಿದ್ದಳು. ಈ ಹುಡುಗಿ ಎಷ್ಟು ವರ್ಷ ಇರಬೇಕು? ಸ್ವೆಟರಿನ ಧೂಳು ಕೊಡವಿ ಹೊರಬಂದಳು.

"ತಗೋಮ್ಮ," ಎಂದಳು. "ಸೊಂಟಕ್ಕೆ ಕಟ್ಕೋ."

ಟೀಗನ್ ಸ್ವೆಟರನ್ನು ನೋಡಿದಳು, ರೇಲೀನ್‌ಳ ಮುಖ ನೋಡಿದಳು. "ಗೊತ್ತಾಗೋಯ್ತಾ?"

"ನಂಗಲ್ದೆ ಇನ್ಯಾರಿಗೆ ಗೊತ್ತಾಗ್ಬೇಕು? ಈ ಸ್ವೆಟರ್ ಸುಮ್ನೆ ಮೊಳೆಗೆ ನೇತಾಡ್ತಿತ್ತಾ? ನಾನೂ ಹಿಂಗೇ ಕಟ್ಕೊಂಡು ಬಂದೋಳು."

"ಹೆತ್ತ ಮೇಲೆ ಎಲ್ಲರಿಗೂ ಆಗುತ್ತೆ, ಅಭ್ಯಾಸ ಮಾಡ್ಕೋ ಅಂತಾರೆ ನಮ್ಮಮ್ಮ."

"ಎಷ್ಟೋ ಜನಕ್ಕೆ ಆಗುತ್ತೆ, ನಿಜ. ಹಾಗಂತ ಅಭ್ಯಾಸ ಮಾಡ್ಕೋಬೇಕು ಅಂತ ಯಾರು ಹೇಳಿದ್ದು? ಹನ್ನೊಂದು ವರ್ಷ ನಾನು ಅಭ್ಯಾಸ ಮಾಡ್ಕೊಂಡೆ, ಮಣ್ಣಂಗಟ್ಟಿ. ಎರಡು ತಿಂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸರಿಹೋಯ್ತು. ನಿಂದು ನಂದರ ಥರಾನೇ ಅಂತ ನಾನು ಹೇಳಕ್ಕಾಗಲ್ಲ, ಅದು ತಿಳಿದೋರು ನೋಡಿ ಹೇಳ್ಬೇಕು. ಆದ್ರೆ ಒಂದು ಹೇಳ್ತೀನಿ." ರೇಲೀನ್ ಉಸಿರು ಎಳೆದುಕೊಂಡಳು. ಈ ಮಾತು ಆಡಿದರೆ ಮುಗಿಯಿತು. "ಕುದುರೆ ಬಿಸಿ ಅಲ್ಲ. ನಾನು ಬರ್ದಿದ್ದು ಸುಳ್ಳು. ನೀನು ಭಯದಲ್ಲಿ ಉಸಿರು ಕಟ್ಟಿದ್ರೆ ಅವಳು ಓಡ್ತಾಳೆ. ಬಿಟ್ರೆ ನಿಧಾನ ಆಗ್ತಾಳೆ. ಬಾ, ಹತ್ತು, ಬರೀ ನಡಿಗೆ. ಬಾಯಲ್ಲಿ ಏನಾದ್ರೂ ಗುನುಗು."

ಟೀಗನ್ ಸ್ವೆಟರನ್ನು ಬಿಗಿಯಾಗಿ ಕಟ್ಟಿಕೊಂಡು ಹತ್ತಿದಳು. ಮಗುವಿಗೆ ಹಾಡುವ ಯಾವುದೋ ಜೋಗುಳ ಗುನುಗಿದಳು. ಕ್ರಂಪೆಟ್ ಕಿವಿ ತಿರುಗಿಸಿ ಕೇಳಿದಳು, ಕತ್ತು ಇಳಿಸಿದಳು, ಅಂಗಳವನ್ನು ಉದ್ದಕ್ಕೆ ಒಮ್ಮೆ ನಡೆದುಬಂದಳು. ಹುಡುಗಿಯ ಮುಖದ ಮೇಲೆ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ರೇಲೀನ್ ಬೇಲಿ ಹಿಡಿದು ನಿಂತು ತನ್ನ ಕುದುರೆಯನ್ನು ಕಣ್ತುಂಬ ನೋಡಿಕೊಂಡಳು.

"ಒಂದು ಕೇಳ್ಲಾ?" ಟೀಗನ್ ಇಳಿದು ಎದುರಿಗೆ ಬಂದು ನಿಂತಳು. "ನೀವು ಮಾರಕ್ಕೆ ಹೊರಟಿದ್ದು ಸಮಯ ಇಲ್ದೆ ಅಲ್ಲ, ಅಲ್ವಾ?"

"ಅಲ್ಲ."

"ಇದಕ್ಕೇನಾ?" ಸೊಂಟದ ಸ್ವೆಟರ್ ಮುಟ್ಟಿ ತೋರಿಸಿದಳು.

"ಹ್ಞೂಂ."

"ಈಗ ವಾಸಿ ಆಯ್ತಲ್ಲ. ಮತ್ತೆ ಯಾಕೆ ಮಾರ್ತಿದೀರಿ?"

"ನಿಂಗೆ ಮಾತು ಕೊಟ್ಟಿದ್ದೆ."

ಟೀಗನ್ ಲಗಾಮನ್ನು ರೇಲೀನ್‌ಳ ಕೈಗಿಟ್ಟು, ಬೆರಳುಗಳನ್ನು ಮಡಿಸಿದಳು. "ಮಾತು ಕೊಟ್ಟಿದ್ದು ನಂಗೆ ತಾನೇ? ವಾಪಸ್ ತಗೊಳ್ಳಿ. ನಂಗೆ ಕುದುರೆಗಿಂತ ಮೊದ್ಲು ಆ ಡಾಕ್ಟ್ರೋ ಯಾರೋ, ಅವರ ನಂಬರ್ ಬೇಕು."

"ಡಾಕ್ಟ್ರಲ್ಲ, ಫಿಜಿಯೋ. ಲಿಟಿಯಾ ಅಂತ. ಬುಧವಾರ ಬರ್ತಾಳೆ," ಎಂದಳು ರೇಲೀನ್. ಅಷ್ಟು ಹೇಳುವಷ್ಟರಲ್ಲಿ ಲಗಾಮನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಟ್ರೇಲರ್ ಖಾಲಿಯಾಗಿ ಗಡಗಡ ಸದ್ದು ಮಾಡುತ್ತಾ ಮಾಫ್ರಾದ ರಸ್ತೆಗೆ ಇಳಿಯಿತು. ಸ್ವೆಟರ್ ಟೀಗನ್‌ಳ ಸೊಂಟದಲ್ಲೇ ಹೋಯಿತು. ಅದನ್ನು ಬಿಚ್ಚಲು ಹೋದವಳಿಗೆ, "ಇಟ್ಕೋ, ನಂಗೆ ಇನ್ನು ಬೇಡ," ಎಂದಿದ್ದಳು ರೇಲೀನ್.

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಸಂಘದ ಸವಾರಿ. ನದಿ ಬಯಲು ದಾಟಿ, ಮರಗಳ ನೆರಳಿನಲ್ಲಿ ಹೆಂಗಸರೆಲ್ಲ ಕುದುರೆ ಇಳಿದರು. ಫ್ಲಾಸ್ಕಿನ ಮುಚ್ಚಳಗಳು ಬಿಚ್ಚಿಕೊಂಡವು. ಇನ್ನೂ ಒಂಬತ್ತು ಕಿಲೋಮೀಟರು ವಾಪಸ್ಸು ಹೋಗುವುದಿತ್ತು, ಅರ್ಧ ದಾರಿ ಕುಕ್ಕುಲೋಟವೇ. ರೇಲೀನ್ ಹೋಗಿ ಗ್ಲೆನಿಸ್‌ಳ ಮುಂದೆ ಕೈ ಚಾಚಿದಳು.

"ನಂಗೂ ಒಂದು ಕೊಡು."

ಗ್ಲೆನಿಸ್ ಕಣ್ಣು ಕಿರಿದು ಮಾಡಿದಳು. "ನಿಂಗೆ ಚಹಾ ಸೇರಲ್ಲ ಅಂತಿದ್ಯಲ್ಲ, ಹನ್ನೊಂದು ವರ್ಷದಿಂದ?"

"ಸುಳ್ಳು ಹೇಳ್ತಿದ್ದೆ ಕಣೇ," ಎಂದಳು ರೇಲೀನ್, ಎಲ್ಲರಿಗೂ ಕೇಳುವ ಹಾಗೆ. "ಕುಡಿದ್ರೆ ಜೀನು ಒದ್ದೆ ಆಗ್ತಿತ್ತು."

ಗುಂಪಿನ ಅಂಚಿನಲ್ಲಿ, ಸುಡುಬಿಸಿಲಿನ ದಿನವೂ ಸೊಂಟಕ್ಕೆ ಮಳೆ ಕೋಟು ಕಟ್ಟಿಕೊಂಡು ನಿಂತಿದ್ದವಳೊಬ್ಬಳು ನಿಧಾನವಾಗಿ ಹತ್ತಿರ ಬಂದಳು.

"ನಂಗೂ ಸ್ವಲ್ಪ ಹಾಕು ಗ್ಲೆನಿಸ್," ಎಂದಳು ಅವಳು. "ರೇಲೀನ್, ನಿನ್ನ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು."

ರೇಲೀನ್ ಬಿದ್ದ ಮರದ ಬೊಡ್ಡೆಯ ಮೇಲೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು, ಮಗ್ಗಿನ ಚಹಾವನ್ನು ಕೊನೆಯ ಹನಿಯವರೆಗೂ ಕುಡಿದಳು.